ಕುಡಿತ ಬಿಟ್ಟ ಮೇಲೆ ಮಿದುಳಿಗೆ ಎಷ್ಟು ತಿಂಗಳು ಬೇಕು? ಬಿಟ್ಟವರಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಗಂಗಾವತಿಯಲ್ಲಿ ನನ್ನ ಅಣ್ಣನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಭತ್ತದ ಸೀಮೆ, ಸುಟ್ಟ ಮೋಟರ್‌ಗಳಿಗೆ ಬರವಿಲ್ಲ. ಅಣ್ಣ ಹದಿನಾರು ವರ್ಷ ದಿನಾ ಕುಡಿದ. ಕೊನೆಯ ನಾಲ್ಕೈದು ವರ್ಷವಂತೂ ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಹೊಟ್ಟೆಗೆ ಬೀಳದಿದ್ದರೆ ಕೈ ನಡುಕ ನಿಲ್ಲುತ್ತಿರಲಿಲ್ಲ. ಈಗ ಬಿಟ್ಟಿದ್ದಾನೆ. ಬಿಟ್ಟ ಮೇಲಿನ ಮೊದಲ ವರ್ಷವನ್ನು ನಾನು ಪಕ್ಕದಲ್ಲೇ ಇದ್ದು ನೋಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡೆ, ಓದಿಕೊಂಡೆ. ಆಗ ನಮಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು ಅನ್ನಿಸುವ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದರಲ್ಲಿ ಮುಖ್ಯವಾದದ್ದು ಒಂದೇ. ಮನೆಯವರು ಎರಡನೇ ಮೂರನೇ ತಿಂಗಳಿಗೇ ತೀರ್ಪು ಕೊಟ್ಟುಬಿಡುತ್ತೇವೆ. "ಕುಡಿಯೋದು ಬಿಟ್ಟ, ಆದ್ರ ಸಿಟ್ಟು ಹೋಗಿಲ್ಲ, ಮರೆವು ಹೋಗಿಲ್ಲ, ಕೆಲಸಕ್ಕ ಮನಸ್ಸಿಲ್ಲ" ಅಂತ. ಮಿದುಳು ಆಗಿನ್ನೂ ರಿಪೇರಿಯ ನಡುವೆ ಇರುತ್ತದೆ. ನಮಗೆ ಹಟದ ಹಾಗೆ, ಸೋಮಾರಿತನದ ಹಾಗೆ ಕಾಣುವುದು ಬಹಳ ಸಲ ಆ ರಿಪೇರಿಯೇ.

ಬಿಡುವ ಮೊದಲು: ಒಂದು ಹಾಳೆ, ಒಂದು ಆಸ್ಪತ್ರೆ

ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಂದೇ ಏಟಿಗೆ, ಮನೆಯಲ್ಲೇ, ಯಾರನ್ನೂ ಕೇಳದೆ ಬಿಡಬಾರದು. ಇದು ಧೈರ್ಯದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ.

ನಮ್ಮ ಕಡೆ ಇದು ಆಗುವುದೇ ಮಾಲೆ ಹಾಕುವಾಗ. ಅಂಜನಾದ್ರಿಗೆ ಹನುಮ ಮಾಲೆ, ಶಬರಿಮಲೆಗೆ ಅಯ್ಯಪ್ಪನ ಮಾಲೆ, ಇಲ್ಲಾಂದ್ರೆ ಶ್ರಾವಣ. ಹಿಂದಿನ ರಾತ್ರಿವರೆಗೂ ಕುಡಿದು ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಮಾಲೆ ಧರಿಸುತ್ತಾರೆ. ಅಣ್ಣನೂ ಹಾಗೇ ಮಾಡಿದ. ಭಕ್ತಿ ನಿಜವಾದದ್ದೇ, ನಾನು ಅದನ್ನು ಹಗುರ ಮಾಡುತ್ತಿಲ್ಲ. ಎರಡನೇ ರಾತ್ರಿ ಫಿಟ್ಸ್ ಬಂತು. ಅಕ್ಕಪಕ್ಕದವರು ಗಾಳಿ ಸೋಕಿದೆ ಅಂದರು. ಮೂರನೇ ರಾತ್ರಿ ಹಾಸಿಗೆ ಮೇಲೆ ಎದ್ದು ಕುಳಿತು ಬರಿಗೈಯಲ್ಲಿ ತಂತಿ ಸುತ್ತುತ್ತಿದ್ದ. ಎಡಗೈಯಲ್ಲಿ ಇಲ್ಲದ ತಂತಿಯನ್ನು ಎಳೆದು ಹಿಡಿದು, ಬಲಗೈಯಲ್ಲಿ ಇಲ್ಲದ ಹ್ಯಾಂಡಲ್ ತಿರುಗಿಸುತ್ತ, ಬಾಯಲ್ಲಿ ಎಣಿಸುತ್ತ. ನಾನು "ಅಣ್ಣಾ" ಅಂದರೆ ನನ್ನನ್ನೇ ಗುರುತಿಸಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಇದಕ್ಕೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು.

ಯಾಕೆ ಹೀಗೆ? ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನಾ ಮಂಕಾಗಿದ್ದರೆ ಬದುಕು ಸಾಗಬೇಕಲ್ಲ, ಅದಕ್ಕೆ ಮಿದುಳು ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಶಾಂತ ಮಾಡುವ ಗಾಬಾ ಎಂಬ ರಾಸಾಯನಿಕದ ಕೆಲಸ ಕುಗ್ಗುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ಕೆಲಸ ಹೆಚ್ಚುತ್ತದೆ. ಹೊರಗಿನಿಂದ ಒಬ್ಬ ಬಾಗಿಲು ತಳ್ಳುತ್ತಿದ್ದಾನೆ, ಒಳಗಿನವ ಅಷ್ಟೇ ಬಲ ಹಾಕಿ ಒತ್ತಿ ಹಿಡಿದಿದ್ದಾನೆ ಅಂದುಕೊಳ್ಳಿ. ಹೊರಗಿನವ ತಟ್ಟನೆ ಸರಿದರೆ ಒಳಗಿನವ ಮುಗ್ಗರಿಸಿ ಹೊರಗೆ ಬೀಳುತ್ತಾನೆ. ಮದ್ಯ ತಟ್ಟನೆ ನಿಂತಾಗ ಮಿದುಳು ಬೀಳುವುದು ಹೀಗೆ.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಯಾವಾಗ, ಬೆಳಿಗ್ಗೆ ಕುಡಿಯುತ್ತಾರಾ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ನುಂಗುತ್ತಾರೆ. ಕಡಿಮೆ ಮಾಡಿ ಬರೆಯಬೇಡಿ. 180 ಎಂ.ಎಲ್. ಕ್ವಾರ್ಟರ್ ಅಂದರೆ ಬಾಟಲಿ ಮೇಲೆ ಶೇಕಡಾ 42.8 ಅಂತ ಇರುತ್ತದೆ ನೋಡಿ, ಆ ಲೆಕ್ಕದಲ್ಲಿ ಸುಮಾರು 60 ಗ್ರಾಂ ಮದ್ಯಸಾರ. "ಬರೇ ಒಂದು ಕ್ವಾರ್ಟರ್" ಅನ್ನುವುದು ಸಣ್ಣ ಮಾತಲ್ಲ. ರಾಯಚೂರು ಕಡೆಯವರು ಸೇಂದಿ ಕುಡಿಯುತ್ತಿದ್ದರೆ ಅದನ್ನೂ ಬರೆಯಲೇಬೇಕು. ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯಲ್ಲಿರುವುದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಅದು ತಟ್ಟನೆ ನಿಂತರೂ ಫಿಟ್ಸ್ ಬರಬಹುದು. ಡಾಕ್ಟರಿಗೆ ಗೊತ್ತಿರಬೇಕು.

ಎಲ್ಲಿಗೆ ಹೋಗಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಅಲ್ಲಿ ಮನೋವೈದ್ಯ ವಿಭಾಗ ಕೇಳಿ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ದಿನ ಇರುತ್ತದೆ, ಸಾಮಾನ್ಯವಾಗಿ ಮಂಗಳವಾರ. ಮೊದಲೇ ವಿಚಾರಿಸಿಕೊಂಡು ಹೋಗಿ. ಮನೋವೈದ್ಯರು ಅಂದ ಕೂಡಲೇ ಹಿಂಜರಿಯುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಸಿಗಬೇಕು ಎಂದು ನಿಮ್ಹಾನ್ಸ್ ವೈದ್ಯರು ಜಿಲ್ಲಾ ಮಟ್ಟದಲ್ಲಿ ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ, 1985ರಲ್ಲಿ. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ನಮ್ಮ ನೆಲದಲ್ಲಿ ಹುಟ್ಟಿದ ವ್ಯವಸ್ಥೆ ಅದು. ಬಳಸಿಕೊಳ್ಳೋಣ.

ಫೋನಿನಲ್ಲೇ ಮೊದಲು ಮಾತಾಡಬೇಕು ಅಂದರೆ ಟೆಲಿ ಮನಸ್ 14416. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಕನ್ನಡದಲ್ಲಿ ಮಾತಾಡಬಹುದೇ ಅಂತ ಕೇಳಿ.

ಮೊದಲ ಐದು ದಿನ

ಕೊನೆಯ ಗುಟುಕಿನ ಸುಮಾರು ಆರು ಗಂಟೆ ನಂತರ ಕೈ ನಡುಕ, ಬೆವರು, ಎದೆ ಡವಡವ, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಇಲ್ಲದ್ದು ಕಾಣುವುದು, ಗೊಂದಲ, ಜ್ವರ, ಅಂದರೆ ಆ ಡೆಲಿರಿಯಂ, ಎರಡರಿಂದ ನಾಲ್ಕನೇ ದಿನದೊಳಗೆ. ಮೊದಲ ದಿನ ಏನೂ ಆಗಲಿಲ್ಲ ಅಂತ ಮನೆಯವರು ಮೈಮರೆಯುವುದು ಇಲ್ಲೇ. ಫಿಟ್ಸ್, ಗೊಂದಲ, ಜ್ವರ ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ. ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಅಷ್ಟೇ.

ಆಸ್ಪತ್ರೆಯಲ್ಲಿ ಮಿದುಳನ್ನು ನಿಧಾನವಾಗಿ ಕೆಳಗಿಳಿಸುವ ಮಾತ್ರೆ ಕೊಡುತ್ತಾರೆ, ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಆ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನೀವೇ ಕೊಡಬೇಡಿ. ಅದರದ್ದೂ ಚಟ ಹತ್ತುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ವಿಷಯದಲ್ಲಿ ನಮಗೆ ಆದ ತಪ್ಪು ನಿಮಗೆ ಆಗಬಾರದು. ಫಿಟ್ಸ್ ಬಂದ ರಾತ್ರಿ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಬರೇ ಗ್ಲುಕೋಸ್ ಏರಿಸಿ ಮನೆಗೆ ಕಳಿಸಿದರು. ಕುಡಿತದ ವಿಷಯ ಅವರು ಕೇಳಲಿಲ್ಲ, ನಾವೂ ನಾಚಿಕೆಗೆ ಹೇಳಲಿಲ್ಲ. ದಿನಾ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್, ಬರಿದಾಗಿರುತ್ತದೆ. ಊಟ ಕಡಿಮೆ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಮಿದುಳು ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಬಿ1 ಬೇಕೇ ಬೇಕು. ಅದಿಲ್ಲದೆ ಬರೇ ಗ್ಲುಕೋಸ್ ಏರಿಸಿದರೆ ಇದ್ದಬದ್ದ ಬಿ1 ಕೂಡ ಖಾಲಿಯಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ಬಾಗಿಲಲ್ಲೇ ಹೇಳಿ: "ಸರ್, ಇವರು ಇಷ್ಟು ವರ್ಷದಿಂದ ದಿನಾ ಕುಡೀತಿದ್ರು, ಬಿ1 ಇಂಜೆಕ್ಷನ್ ಬೇಕಾಗ್ತದಾ ನೋಡ್ರಿ."

ಕಣ್ಣು ಅತ್ತಿತ್ತ ಓಡುವುದು ಅಥವಾ ಒಂದು ಎರಡಾಗಿ ಕಾಣುವುದು, ಕುಡಿಯದಿದ್ದರೂ ನಡಿಗೆ ತೂರಾಡುವುದು, ಗೊಂದಲ. ಇವು ವರ್ನಿಕೆ ಎಂಬ ಸ್ಥಿತಿಯ ಲಕ್ಷಣ. ಮೂರೂ ಒಟ್ಟಿಗೆ ಕಾಣಬೇಕೆಂದಿಲ್ಲ. ಬೇಗ ಇಂಜೆಕ್ಷನ್ ಬಿದ್ದರೆ ವಾಪಸ್ ಬರುವ ಸ್ಥಿತಿ ಇದು. ತಡವಾದರೆ ನೆನಪು ಶಾಶ್ವತವಾಗಿ ಹೋಗಬಹುದು. ಮಾತ್ರೆ, ಊಟ ಆಮೇಲಿನ ಮಾತು, ಮೊದಲು ಇಂಜೆಕ್ಷನ್.

ಎರಡನೇ ವಾರದಿಂದ: ನಿದ್ದೆ

ನಡುಕ ನಿಂತಿತು, ಮನೆಗೆ ಬಂದರು. ಈಗ ನಿದ್ದೆ ಬರುವುದಿಲ್ಲ. ಮದ್ಯ ಕನಸಿನ ನಿದ್ದೆಯನ್ನು ಅದುಮಿಟ್ಟಿರುತ್ತದೆ, ಬಿಟ್ಟ ಮೇಲೆ ಅದು ಒಮ್ಮೆಲೇ ಹೆಚ್ಚಾಗಿ ಬರುತ್ತದೆ. ಕೆಟ್ಟ ಕನಸು, ಕುಡಿದಂತೆ ಕನಸು. ಅಣ್ಣ ಒಂದು ಬೆಳಿಗ್ಗೆ ಅಳುತ್ತ ಎದ್ದ, ನಿಜವಾಗಿಯೂ ಕುಡಿದುಬಿಟ್ಟೆ ಅಂದುಕೊಂಡಿದ್ದ. ಇಂಥ ಕನಸು ಬಹಳ ಜನಕ್ಕೆ ಬರುತ್ತದೆ. ಮನಸ್ಸು ಕೆಟ್ಟಿದೆ ಅಂತ ಅರ್ಥ ಅಲ್ಲ.

ನಿದ್ದೆ ಪೂರ್ತಿ ಸರಿಹೋಗಲು ತಿಂಗಳುಗಳೇ ಬೇಕು. ಏಳುವ ಹೊತ್ತು ಒಂದೇ ಇರಲಿ, ನಿದ್ದೆ ಬಂದಿರಲಿ ಬಿಡಲಿ. ಮಧ್ಯಾಹ್ನ ಮೂರರ ನಂತರ ಚಹಾ ಬೇಡ. ಬೇಸಿಗೆಯಲ್ಲಿ ನಮ್ಮ ಕಡೆಯ ಸೆಕೆ ನಿಮಗೆ ಗೊತ್ತೇ ಇದೆ, ಒಳಗೆ ಬೇಯುವುದಕ್ಕಿಂತ ಮಾಳಿಗೆ ಮೇಲೆ ಮಲಗಿಸಿ. ಆದರೆ ಮೊದಲ ವಾರಗಳಲ್ಲಿ ಒಬ್ಬರೇ ಬೇಡ, ತಡೆಗೋಡೆ ಇಲ್ಲದ ಮಾಳಿಗೆ ಬೇಡವೇ ಬೇಡ.

ಎಣಿಕೆ ತಪ್ಪುವ ತಿಂಗಳುಗಳು

ಇಲ್ಲಿಂದ ಮುಂದಿನದ್ದೇ ಬಹಳ ಮನೆಗಳಲ್ಲಿ ಜಗಳಕ್ಕೆ ಕಾರಣ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವೈಂಡಿಂಗ್ ಕೆಲಸ ಅಂದರೆ ಎಣಿಕೆ. ಅಚ್ಚಿನ ಮೇಲೆ ತಾಮ್ರದ ತಂತಿ ಸುತ್ತುತ್ತ ಹೋಗಬೇಕು, ಹಳೇ ಕಾಯಿಲ್‌ನಲ್ಲಿ ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು. ಹತ್ತು ಸುತ್ತು ತಪ್ಪಿದರೆ ಮೋಟರ್ ಬಿಸಿಯಾಗಿ ಮತ್ತೆ ಸುಡುತ್ತದೆ. ಬಿಟ್ಟ ಎರಡನೇ ತಿಂಗಳಲ್ಲಿ ಅಣ್ಣ ಅಂಗಡಿ ತೆಗೆದ. ನಲವತ್ತಕ್ಕೆ ಬರುವಷ್ಟರಲ್ಲಿ ಹೊರಗೆ ಬೈಕಿನ ಹಾರ್ನ್ ಆದರೆ ಸಾಕು, ಎಣಿಕೆ ಮಾಯ. ನನ್ನ ಮುಖ ನೋಡಿ "ತಮ್ಮಾ, ಎಷ್ಟಕ್ಕ ಬಂದಿದ್ದೆ ನಾ?" ಅನ್ನುತ್ತಿದ್ದ. ನನಗೆ ಗೊತ್ತಿರುತ್ತಿರಲಿಲ್ಲ. ಬಿಚ್ಚುವುದು, ಮತ್ತೆ ಒಂದರಿಂದ. ಒಂದು ದಿನ ತಂತಿಯ ಉರುಳೆಯನ್ನೇ ರಸ್ತೆಗೆ ಎಸೆದ. "ಕುಡಿದಾಗ ಚೊಲೊ ಕೆಲಸ ಮಾಡ್ತಿದ್ದೆ" ಅಂದ. ಅತ್ತಿಗೆಗೆ ಅದು ಕೇಳಿಸಿತು, ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಒಂದು ಕೆಲಸ ಮಾಡುತ್ತ ಒಂದು ಸಂಖ್ಯೆಯನ್ನು ತಲೆಯಲ್ಲಿ ಹಿಡಿದಿಡುವುದು, ಸಿಟ್ಟು ಬಂದಾಗ ಕೈ ತಡೆಯುವುದು, ನಾಳೆಯ ಯೋಜನೆ ಮಾಡುವುದು, ಇದೆಲ್ಲ ಹೆಚ್ಚಾಗಿ ಮಿದುಳಿನ ಮುಂಭಾಗದ ಕೆಲಸ. ದೀರ್ಘ ಕುಡಿತದಲ್ಲಿ ಜಾಸ್ತಿ ಸವೆಯುವ ಜಾಗಗಳಲ್ಲಿ ಅದೂ ಒಂದು. ಸ್ಕ್ಯಾನ್ ಮಾಡಿ ನೋಡಿದರೆ ಮಿದುಳಿನ ಹೊರಪದರ ತೆಳುವಾಗಿರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಅದು ಮತ್ತೆ ದಪ್ಪವಾಗುತ್ತದೆ. ಮೊದಲ ತಿಂಗಳಲ್ಲಿ ವೇಗ ಜಾಸ್ತಿ, ಆಮೇಲೆ ನಿಧಾನ, ಆದರೂ ಏಳೆಂಟು ತಿಂಗಳವರೆಗೂ ಸುಧಾರಣೆ ಕಂಡಿದೆ. ಕೆಲವು ಶಕ್ತಿಗಳು ಮರಳಲು ವರ್ಷ ದಾಟುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಈ ಚೇತರಿಕೆ ನಿಧಾನ. ಅದನ್ನೂ ಡಾಕ್ಟರ ಹತ್ತಿರ ಮಾತಾಡಿ. ಸತ್ತ ನರಕೋಶ ಎಲ್ಲವೂ ಮತ್ತೆ ಹುಟ್ಟುತ್ತವೆ ಅಂತಲ್ಲ. ಉಳಿದ ಕೋಶಗಳ ನಡುವಿನ ಕೊಂಡಿಗಳು, ಅವುಗಳ ಸುತ್ತಲಿನ ಹೊದಿಕೆ ಬಲಗೊಳ್ಳುತ್ತವೆ.

ಈ ತಿಂಗಳುಗಳಲ್ಲಿ ಏನು ಮಾಡಬೇಕು?

ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಪೇಟೆಗೆ ಹೋಗಿ ಎಣ್ಣೆ ತಾ, ಬರುವಾಗ ಕರೆಂಟ್ ಬಿಲ್ ಕಟ್ಟು, ಹಂಗೇ ಮಾವನ್ನ ಮಾತಾಡಿಸ್ಕೊಂಡು ಬಾ" ಅಂದರೆ ಮೂರರಲ್ಲಿ ಎರಡು ಮರೆತು ಬರುತ್ತಾರೆ. ಚೀಟಿ ಬರೆದುಕೊಡಿ. ನಾವು ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಪ್ರತಿ ಇಪ್ಪತ್ತು ಸುತ್ತಿಗೆ ಒಂದು ಗೆರೆ, ಗೆರೆ ಹಾಕಿದ ಮೇಲೆ ಹಾರ್ನ್ ಆದರೂ ನಷ್ಟ ಇಪ್ಪತ್ತೇ. ದಿನದ ಕೊನೆಗೆ ಆ ದಿನ ಮಾಡಿದ ಕೆಲಸ ಒಂದು ಸಾಲು. ಜಮೀನು ಮಾರಾಟ, ದೊಡ್ಡ ಸಾಲ, ಮಗಳ ಮದುವೆ ಮಾತು, ಇಂಥ ದೊಡ್ಡ ತೀರ್ಮಾನಗಳನ್ನು ಆರು ತಿಂಗಳು ಮುಂದೂಡಲು ಆಗುತ್ತದಾ ನೋಡಿ. ಹಳೆಯ ತಪ್ಪುಗಳ ಲೆಕ್ಕ ಕೇಳುವ ಹಕ್ಕು ಹೆಂಡತಿ ಮಕ್ಕಳಿಗೆ ಖಂಡಿತ ಇದೆ. ಆದರೆ ರಾತ್ರಿ ಹತ್ತಕ್ಕೆ ಬೇಡ, ದಣಿದ ಮಿದುಳಿಗೆ ಆಗ ಸಿಟ್ಟು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಮತ್ತೆ ಇಷ್ಟು ಹೇಳಿದ್ದಕ್ಕೆ, ಹೊಡೆತ ಬಡಿತವನ್ನು ಸಹಿಸಿಕೊಳ್ಳಿ ಅಂತ ಯಾವ ಹೆಣ್ಣುಮಗಳೂ ತಿಳಿಯಬಾರದು. ಕೈ ಎತ್ತಿದರೆ ಅದು ಮಿದುಳಿನ ರಿಪೇರಿ ಅಲ್ಲ. ಅಲ್ಲಿಂದ ಹೊರಗೆ ಬನ್ನಿ, ಸಹಾಯ ಕೇಳಿ.

ಏಳನೇ ತಿಂಗಳಲ್ಲಿ ಒಂದು ದಿನ ನಾನು ಚಹಾ ಹಿಡಿದುಕೊಂಡು ಹೋದೆ. ಅಣ್ಣ ಕೈ ನಿಲ್ಲಿಸಿ, ಚಹಾ ಕುಡಿದು, ಬಂದ ಗಿರಾಕಿಯ ಹತ್ತಿರ ಮಳೆ ಬಗ್ಗೆ ಮಾತಾಡಿ, ಮತ್ತೆ ಹ್ಯಾಂಡಲ್ ಹಿಡಿದು "ಅರವತ್ಮೂರು" ಅಂದ. ಗೆರೆ ಹಾಕಿರಲಿಲ್ಲ.

ಯಾವುದರಲ್ಲೂ ರುಚಿ ಇಲ್ಲ ಅಂದಾಗ

ಮೊದಲ ಕೆಲವು ತಿಂಗಳು ಸಂತೋಷವೇ ಆಗುವುದಿಲ್ಲ. ಮಗು ನಕ್ಕರೂ, ಗವಿಮಠದ ಜಾತ್ರೆಗೆ ಹೋದರೂ, ಮುಖ ಹಾಗೇ. ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ "ಇದು ಚೆನ್ನಾಗಿದೆ, ಮತ್ತೆ ಬೇಕು" ಅನ್ನಿಸುವ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಮದ್ಯದ ಜೋರಿಗೆ ಒಗ್ಗಿ ಹೋದ ಮಿದುಳಿಗೆ ಸಣ್ಣ ಸಂತೋಷ ತಾಗುವುದೇ ಇಲ್ಲ. ಇದೂ ನಿಧಾನವಾಗಿ ಮರಳುತ್ತದೆ. ಬರುವವರೆಗೆ ಸಂತೋಷಕ್ಕೆ ಕಾಯದೆ ದಿನಚರಿ ನಡೆಸಬೇಕು. ಬೆಳಿಗ್ಗೆ ಅರ್ಧ ಗಂಟೆ ಚುರುಕಾಗಿ ನಡೆಯುವುದು, ಹೊತ್ತಿಗೆ ಸರಿಯಾಗಿ ಊಟ. ಊಟಕ್ಕೆ ನಮ್ಮದೇ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಸಾಕು. ನುಣ್ಣಗೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬಿ1 ಬಹಳಷ್ಟು ಹೊರಟುಹೋಗಿರುತ್ತದೆ. ಗಂಗಾವತಿಯವನಾಗಿ ಅಕ್ಕಿ ಬಿಡಿ ಅಂತ ಹೇಳಲಾರೆ, ಆದರೆ ಮೂರು ಹೊತ್ತೂ ಬರೇ ಅನ್ನ ಬೇಡ.

ಎರಡು ಮೂರು ವಾರ ಕಳೆದರೂ ದುಃಖ ಇಳಿಯದಿದ್ದರೆ ಡಾಕ್ಟರಿಗೆ ಹೇಳಿ, ಖಿನ್ನತೆಗೆ ಬೇರೆ ಚಿಕಿತ್ಸೆ ಇದೆ. ಸಾಯುವ ಮಾತು ಆಡಿದರೆ ಅದನ್ನು ಸುಮ್ನೆ ಅಂದುಕೊಳ್ಳಬೇಡಿ. ಆ ಕ್ಷಣದಿಂದ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಆಸೆ ಎದ್ದಾಗ ಇಪ್ಪತ್ತು ನಿಮಿಷ

ಕುಡಿಯುವ ಆಸೆ ಅಲೆ ಥರ ಬರುತ್ತದೆ. ಏರುತ್ತದೆ, ಹೆಚ್ಚಿನ ಸಲ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿಯುತ್ತದೆ. ಅದನ್ನು ಎಬ್ಬಿಸುವುದು ಜಾಗ, ಹೊತ್ತು, ವಾಸನೆ, ಜೊತೆಗಾರರು. ಅಣ್ಣನಿಗೆ ಅದು ಮಿರ್ಚಿ. ಸಂಜೆ ಬಾಣಲೆಯಲ್ಲಿ ಮೆಣಸಿನಕಾಯಿ ಬಿದ್ದ ಸದ್ದು, ಆ ವಾಸನೆ ಬಂದರೆ ಕಾಲು ತಾನೇ ಹಳೇ ದಾರಿ ಹಿಡಿಯುತ್ತಿತ್ತು. ಒಗ್ಗರಣೆ ಮಿರ್ಚಿ ಇಲ್ಲದ ಊರು ನಮ್ಮ ಮೂರು ಜಿಲ್ಲೆಯಲ್ಲಿ ಎಲ್ಲಿದೆ ಹೇಳಿ? ಆದ್ದರಿಂದ ಹೊತ್ತನ್ನೇ ಬದಲಿಸಿದೆವು. ಆರು ಗಂಟೆಗೆ ಹೊಟ್ಟೆ ತುಂಬ ಊಟ, ಹಸಿದ ಹೊಟ್ಟೆಯಲ್ಲಿ ಆಸೆ ಜಾಸ್ತಿ. ಅಂಗಡಿಯಿಂದ ಮನೆಗೆ ಬೇರೆ ದಾರಿ. ಪಗಾರ, ಕೂಲಿ ಸಿಗುವ ಶನಿವಾರ ಜೇಬಿನಲ್ಲಿ ದುಡ್ಡು ಇರದ ಹಾಗೆ ತಾನೇ ಅತ್ತಿಗೆ ಕೈಗೆ ಕೊಡುವುದು. ಈ ಮಾತು ಅವರ ಬಾಯಿಂದಲೇ ಬರಬೇಕು, ಕಿತ್ತುಕೊಂಡರೆ ಉಲ್ಟಾ ಹೊಡೆಯುತ್ತದೆ.

ಆಸೆ ತಗ್ಗಿಸುವ ಔಷಧಿಗಳೂ ಇವೆ. ನಾಲ್‌ಟ್ರೆಕ್ಸೋನ್ ಕುಡಿದಾಗ ಸಿಗುವ ಖುಷಿಯನ್ನೇ ಮಂಕು ಮಾಡುತ್ತದೆ. ಅಕಾಂಪ್ರೊಸೇಟ್ ಕೆರಳಿದ ಮಿದುಳನ್ನು ಸಮಾಧಾನ ಮಾಡುತ್ತದೆ. ಲಿವರ್, ಕಿಡ್ನಿ ಪರೀಕ್ಷೆ ನೋಡಿ ಯಾವುದು ಹೊಂದುತ್ತದೆ ಅಂತ ಡಾಕ್ಟರು ಹೇಳುತ್ತಾರೆ. ಇನ್ನೊಂದು ಡೈಸಲ್ಫಿರಾಮ್. ಅದನ್ನು ತೆಗೆದುಕೊಂಡು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ. ಗೊತ್ತಿದ್ದು, ಒಪ್ಪಿ ತೆಗೆದುಕೊಳ್ಳುವವರಿಗೆ ಮಾತ್ರ ಅದು. "ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ" ಅಂತ ಪುಡಿ ಮಾರುವವರು ಇದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ, ಗೊತ್ತಿಲ್ಲದ ಮನುಷ್ಯ ಅದರ ಮೇಲೆ ಕುಡಿದರೆ ಪ್ರಾಣಕ್ಕೆ ಬರಬಹುದು.

ಚೇತರಿಕೆ ಅಲ್ಲದ ಮರೆವು

ದಿನ ಕಳೆದಂತೆ ಮರೆವು ಕಡಿಮೆಯಾಗಬೇಕು. ಹೆಚ್ಚಾದರೆ ಕಾಯಬೇಡಿ. ಹಗಲು ನಿದ್ದೆ, ರಾತ್ರಿ ಎಚ್ಚರ, ಹೊಟ್ಟೆ ಉಬ್ಬರ, ಕಣ್ಣು ಹಳದಿ ಇದ್ದರೆ ಅದು ಲಿವರ್‌ನಿಂದ ಇರಬಹುದು. ಕುಡಿದ ದಿನಗಳಲ್ಲಿ ಬಿದ್ದು ತಲೆಗೆ ಏಟಾಗಿದ್ದರೆ ವಾರಗಳ ನಂತರವೂ ತಲೆಬುರುಡೆಯೊಳಗೆ ರಕ್ತ ನಿಂತಿರುವುದುಂಟು. ಹೆಚ್ಚುವ ತಲೆನೋವು, ಮಂಪರು, ಒಂದು ಕಡೆ ಕೈಕಾಲು ಸೋಲುವುದು ಅದರ ಗುರುತು. ಇಲ್ಲಿ ಒಂದು ಸ್ಕ್ಯಾನ್ ಜೀವ ಉಳಿಸುತ್ತದೆ.

ಜಾರಿದರೆ

ಒಂಬತ್ತನೇ ತಿಂಗಳಲ್ಲಿ ಸಿಂಧನೂರಿನ ಒಂದು ಮದುವೆಯಲ್ಲಿ ಅಣ್ಣ ಕುಡಿದ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ, ಮಾತು ತೊದಲುತ್ತಿತ್ತು. "ಎಲ್ಲಾ ಹೋತು ತಮ್ಮಾ, ಮತ್ತ ಒಂದರಿಂದ" ಅಂದ.

ಒಂದು ರಾತ್ರಿಗೆ ಒಂಬತ್ತು ತಿಂಗಳ ಚೇತರಿಕೆ ತೊಳೆದುಹೋಗುವುದಿಲ್ಲ. ಅಪಾಯ ಇರುವುದು ಮರುದಿನ ಬೆಳಿಗ್ಗೆ ಅದನ್ನು ಮುಂದುವರಿಸುವುದರಲ್ಲಿ. ಮತ್ತೆ ವಾರಗಟ್ಟಲೆ ಕುಡಿದು ಮತ್ತೆ ತಟ್ಟನೆ ಬಿಟ್ಟರೆ, ಪ್ರತಿ ಸಲವೂ ಹಿಂದಿಗಿಂತ ಜೋರಾಗಿ ನಡುಕ, ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಮಿದುಳು ಆ ಕೆರಳುವಿಕೆಯನ್ನು ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಜಾರಿದವರನ್ನು ಬೈದು ದೂರ ತಳ್ಳಬೇಡಿ, ಬೇಗ ವಾಪಸ್ ಕರೆತನ್ನಿ. ಎಷ್ಟು ದಿನ, ಎಷ್ಟು ಕುಡಿದರು ಅಂತ ಬರೆದುಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ.

ನಾನು ಆ ರಾತ್ರಿಯೇ ಬೈಕ್ ಹತ್ತಿ ಸಿಂಧನೂರಿಗೆ ಹೋದೆ. ಮದುವೆ ಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ಕೂತಿದ್ದ. ಏನೂ ಕೇಳಲಿಲ್ಲ, ನೀರು ಕುಡಿಸಿದೆ, ಬೆಳಗಿನವರೆಗೆ ಪಕ್ಕದಲ್ಲೇ ಮಲಗಿದೆ. ಬೆಳಿಗ್ಗೆ ಎದ್ದವರೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಬೈಯಲಿಲ್ಲ, ನೋಟ್‌ಬುಕ್ ತಂದಿದ್ದೀರಾ ಅಂತ ಕೇಳಿದರು. ಅಣ್ಣ ಹಾಳೆ ಹರಿಯಲು ಹೋಗಿದ್ದನಂತೆ, ಅತ್ತಿಗೆ ಬಿಟ್ಟಿರಲಿಲ್ಲ. ಆ ದಿನದ ಸಾಲಿನಲ್ಲಿ "ಕುಡಿದೆ" ಅಂತ ಇದೆ. ಅದರ ಕೆಳಗೆ ಮರುದಿನದ ತಾರೀಕು, ಅಣ್ಣನದೇ ಅಕ್ಷರ: "3 ಎಚ್.ಪಿ. ಮೋಟರ್, ಮುಗೀತು."